ಬಿಸಿಲಿಗೆ ಹಿಡಿದ ಬಣ್ಣ

ಗರುಡಾಚಾರ್‌ಪಾಳ್ಯದಲ್ಲಿ ಹಸು ಕಟ್ಟುವ ಮನೆ ಯಾವುದು ಅಂತ ಈಗ ಕೇಳಿದರೆ ಜನ ಮುಖ ಮುಖ ನೋಡಿಕೊಂಡಾರು. ಗಾಜಿನ ಕಟ್ಟಡಗಳ ನೆರಳು ಬಿದ್ದು ಬಿದ್ದು ಅಲ್ಲಿನ ಹುಣಿಸೆಮರಕ್ಕೇ ಹೊತ್ತು ತಿಳಿಯುವುದಿಲ್ಲ. ಆದರೆ ತೊಂಬತ್ತೇಳು, ತೊಂಬತ್ತೆಂಟರ ಮಾತೇ ಬೇರೆ. ಆಗ ಊರ ಒಂದು ಮಗ್ಗುಲಿಗೆ ಕಾರ್ಖಾನೆಯ ಸೈರನ್ನು, ಇನ್ನೊಂದು ಮಗ್ಗುಲಿಗೆ ರಾಗಿ ಹೊಲ. ನಡುವೆ ರಾಮಾಂಜಿನಪ್ಪನ ಮನೆ, ಮನೆಗೆ ಅಂಟಿಕೊಂಡಂತೆ ಉದ್ದನೆಯ ಕೊಟ್ಟಿಗೆ. ಒಂದು ಕಾಲಕ್ಕೆ ಹಿಂಡು ದನ ಕಟ್ಟುತ್ತಿದ್ದ ಆ ಕೊಟ್ಟಿಗೆಯಲ್ಲಿ ಉಳಿದಿದ್ದು ಬೆಳ್ಳಿ ಎಂಬ ಒಂದೇ ಹಸು. ಹೆಸರಿಗೆ ತಕ್ಕ ಬಿಳುಪು. ಗುಣ ಮಾತ್ರ ಕೇಳಬೇಡಿ! ಮನೆಯ ಯಜಮಾನಿ ಆಂಜನಮ್ಮನನ್ನು ಬಿಟ್ಟು ಬೇರೆ ಯಾರು ಹತ್ತಿರ ಹೋದರೂ ಕಾಲೆತ್ತುತ್ತಿತ್ತು.

ಆ ಆಂಜನಮ್ಮ ತೊಂಬತ್ತೇಳರ ಆಷಾಢದಲ್ಲಿ ಜ್ವರ ಅಂತ ಮಲಗಿದವಳು ಮತ್ತೆ ಏಳಲಿಲ್ಲ. ಹಸು ಹಾಲು ಅರ್ಧಕ್ಕೆ ಇಳಿಸಿತು. ರಾಮಾಂಜಿನಪ್ಪ ಮಾತು ಅರ್ಧಕ್ಕೆ ಇಳಿಸಿದ. ತನ್ನ ಮಂಚವನ್ನು ಕೊಟ್ಟಿಗೆಗೆ ಎಳೆದುಕೊಂಡು ಹೋಗಿ ಬೆಳ್ಳಿಯ ಪಕ್ಕ ಹಾಕಿಕೊಂಡ. ಹೆಂಡತಿಯ ಸೀರೆಗಳಿದ್ದ ಮರದ ಪೆಟ್ಟಿಗೆಗೆ ಬೀಗ ಜಡಿದು, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಅವನ ಅಕ್ಕ ಚಿಕ್ಕಮುನಿಯಮ್ಮ, ಗಂಡ ಸತ್ತ ಮೇಲೆ ತಮ್ಮನ ಮನೆಗೇ ಬಂದು ಸೇರಿದ್ದವಳು, "ಸತ್ತೋಳ ಸೀರೇನ ಹೆಣ್ಮಕ್ಕಳಿಗೆ ಹಂಚಿಬುಡಬೇಕು ಕಣಪ್ಪ, ಮಡಗಬಾರದು" ಎಂದು ತಿಥಿಯ ದಿನದಿಂದ ಹೇಳಿದ್ದೇ ಹೇಳಿದ್ದು. ಅವನು ಹಸುವಿಗೆ ಹುಲ್ಲು ಹಾಕಲು ಎದ್ದು ಹೋಗುವನು.

ಆಂಜನಮ್ಮ ಹೋದದ್ದು ಎಲ್ಲರಿಗಿಂತ ಹೆಚ್ಚು ತಟ್ಟಿದ್ದು ಸೊಸೆ ಸುಕನ್ಯಳಿಗೆ. ಅದಕ್ಕೆ ಕಾರಣ ಇತ್ತು.

ಸುಕನ್ಯ ಹಲಸೂರಿನ ಹುಡುಗಿ. ಎಸ್ಸೆಸ್ಸೆಲ್ಸಿ ಮುಗಿಸಿ ಕಮರ್ಷಿಯಲ್ ಸ್ಟ್ರೀಟಿನ ಒಂದು ಅಡ್ಡರಸ್ತೆಯಲ್ಲಿದ್ದ ಸನಾವುಲ್ಲಾ ಸಾಹೇಬರ ಮ್ಯಾಚಿಂಗ್ ಅಂಗಡಿಗೆ ಸೇರಿದ್ದಳು. ಸೀರೆ ತಂದು ತೋರಿಸಿದರೆ ಅದಕ್ಕೊಪ್ಪುವ ರವಿಕೆ ಬಟ್ಟೆ ಹುಡುಕಿಕೊಡುವುದು ಕೆಲಸ. ಗಿರಾಕಿಗಳು ತಮಿಳಿನಲ್ಲಿ, ಉರ್ದುವಿನಲ್ಲಿ, ಕನ್ನಡದಲ್ಲಿ ಬೈದಾಡಿದರೂ ಬಣ್ಣದ ಹೆಸರು ಮಾತ್ರ ಎಲ್ಲರ ಬಾಯಲ್ಲೂ ಇಂಗ್ಲಿಷೇ. ಹಾಗೆ ಕಲಿತದ್ದು ಅವಳ ಇಂಗ್ಲಿಷು.

ಅಲ್ಲಿಗೆ ಒಂದು ದಿನ ಆಂಜನಮ್ಮ ರೇಷ್ಮೆ ಸೀರೆಯ ಗಂಟು ಹಿಡಿದು ಬಂದಳು. ಕುಂಕುಮವೂ ಅಲ್ಲದ ನೇರಳೆಯೂ ಅಲ್ಲದ ಬಣ್ಣ. ನಾಲ್ಕಾರು ಅಂಗಡಿಯವರು "ಇದೇ ಮ್ಯಾಚಿಂಗು" ಅಂತ ಏನೇನೋ ತೋರಿಸಿ ಕಳಿಸಿದ್ದರು. ಸುಕನ್ಯ ಸೀರೆಯ ಸೆರಗನ್ನೂ ಎರಡು ಬಟ್ಟೆ ತುಂಡನ್ನೂ ಎತ್ತಿಕೊಂಡು ಸೀದಾ ಬೀದಿಗೆ ಇಳಿದಳು.

"ಟ್ಯೂಬ್‌ಲೈಟಲ್ಲಿ ಎಲ್ಲಾ ಒಂದೇ ಥರ ಕಾಣ್ತದಮ್ಮ. ಬಿಸಿಲಿಗೆ ಹಿಡಿದ್ರೆ ನಿಜ ಗೊತ್ತಾಗ್ತದೆ. ನೋಡಿ, ಇದಲ್ಲ. ಇದು. ಇದು ಮೆರೂನ್."

ಆಂಜನಮ್ಮ ಬಟ್ಟೆ ನೋಡಲಿಲ್ಲ, ಹುಡುಗಿಯನ್ನು ನೋಡಿದಳು. ಮುಂದಿನ ವೈಶಾಖದಲ್ಲಿ ಸುಕನ್ಯ ಅವಳ ಮಗ ಮುನೀಂದ್ರನ ಹೆಂಡತಿ. ಆಮೇಲೆ ಮಗಳು ಪ್ರತಿಭಾ ಹುಟ್ಟಿದಳು. "ಬಿಸಿಲಿಗೆ ಹಿಡಿದು ತೋರಿಸೋ ಹುಡುಗಿ ಮೋಸ ಮಾಡಾಕಿಲ್ಲ" ಎಂದು ಬಂದವರಿಗೆಲ್ಲ ಕಾಫಿಯ ಜೊತೆ ಈ ಕಥೆ ಬಡಿಸುತ್ತಿದ್ದಳು ಅತ್ತೆ. ಕಥೆಯ ಕೊನೆಗೆ ಆ ಸೀರೆಯನ್ನೇ ತಂದು ತೋರಿಸಿ, "ಇದು ಮೆರೂನು" ಅನ್ನುವಳು. ಅವಳಿಗೆ ಗೊತ್ತಿದ್ದ ಇಂಗ್ಲಿಷು ಅದೊಂದೇ.

ಆಂಜನಮ್ಮ ಸಾಯುವ ವರ್ಷವೇ ಊರಿನ ಕೆಲವರು ಮಕ್ಕಳನ್ನು ಜೀವನ್ ಬಿಮಾ ನಗರದ ಒಂದು ಇಂಗ್ಲಿಷ್ ಶಾಲೆಗೆ ಸೇರಿಸಲು ಕರೆದೊಯ್ದಿದ್ದರು. ಅಲ್ಲಿನ ಮಿಸ್ಸು ಚೆಂಡು ಹಿಡಿದು "ವಾಟ್ ಕಲರ್?" ಅಂದಳಂತೆ. ಒಂದು ಮಗು ಅತ್ತಿತು, ಒಂದು ಮಗು ಚೆಂಡು ಕೊಡು ಅಂತ ಕೈ ಚಾಚಿತು. ಎಲ್ಲರೂ ವಾಪಸ್ಸು. ಆ ಸಂಜೆ ಹಾಲು ಕರೆಯುತ್ತ ಆಂಜನಮ್ಮ ಅಂದಿದ್ದಳು: "ನಿಂಗೆ ಬಣ್ಣ ಗೊತ್ತಲ್ಲಮ್ಮಿ. ಈ ಕೂಸುಗಳಿಗೆ ಹೇಳ್ಕೊಡು. ಕೊಟ್ಟಿಗೆ ಮುಂದಿನರ್ಧ ಖಾಲಿ ಬಿದ್ದೈತೆ, ಅಲ್ಲೇ ಕೂರಿಸ್ಕೊ." ಅಂಗಡಿ ಬಿಟ್ಟ ಮೇಲೆ ಒಲೆ, ಮುಸುರೆ, ಕಸ ಅಂತಲೇ ಇದ್ದ ಸುಕನ್ಯ ಆ ಮಾತು ಕೇಳಿ, ಪೊರಕೆ ಕೆಳಗಿಟ್ಟು ಖಾಲಿ ಜಾಗವನ್ನು ಹೆಜ್ಜೆಯಲ್ಲಿ ಅಳೆದಿದ್ದಳು. ಆದರೆ ಕೇಳಿಸಿಕೊಂಡದ್ದು ಅವಳೊಬ್ಬಳೇ, ಮತ್ತೆ ಬೆಳ್ಳಿ.

ದೀಪಾವಳಿ ದೀಪವಿಲ್ಲದೆ ಕಳೆಯಿತು. ಒಂದು ಮಧ್ಯಾಹ್ನ ಎಲ್ಲರೂ ಮುದ್ದೆಗೆ ಕೂತಾಗ ಸುಕನ್ಯ ಧೈರ್ಯ ಮಾಡಿದಳು.

"ಮಾವ, ಕೊಟ್ಟಿಗೆ ಮುಂದೆ ಬೆಳಿಗ್ಗೆ ಹೊತ್ತು ಮಕ್ಕಳನ್ನ ಕೂರಿಸ್ಕೊಂಡು ಸ್ವಲ್ಪ ಇಂಗ್ಲಿಷ್ ಹೇಳ್ಕೊಡ್ಲಾ? ಮಾರ್ಚಿಗೆ ಮತ್ತೆ ಇಂಟರ್‌ವ್ಯೂ ಇದೆ. ಈ ಸಲ ನಮ್ಮ ಪ್ರತಿಭಾನೂ ಹೋಗ್ಬೇಕು."

ಮಾವ ಬಾಯಿ ತೆರೆಯುವ ಮುಂಚೆ ಚಿಕ್ಕಮುನಿಯಮ್ಮ ಸಾರಿನ ಸೌಟು ಕೆಳಗಿಟ್ಟಳು. "ಸಾವಾದ ಮನೇಲಿ ವರ್ಸ ತುಂಬೋಗಂಟ ಹೊಸ ಕೆಲಸ ಸುರು ಮಾಡ್ತಾರೇನಮ್ಮಿ? ಆಟ, ಪಾಟ, ಮಕ್ಕಳ ಗಲಾಟೆ! ಯಾವೂರ ಪದ್ಧತಿ?"

"ಅತ್ತೇನೇ ಹೇಳಿದ್ರು ದೊಡ್ಡತ್ತೆ."

"ಯಾರು ಕೇಳಿಸ್ಕಂಡ್ರು?"

"ನಾನು."

"ಸರಿಹೋಯ್ತು. ಸತ್ತೋಳ ಮಾತಿಗೆ ಸೊಸೆನೇ ಸಾಕ್ಷಿ!"

ಸುಕನ್ಯಳ ಕಣ್ಣು ತುಂಬಿತು. ಗಂಡನ ಕಡೆ ನೋಡಿದಳು. ಮುನೀಂದ್ರ ಒಳ್ಳೆಯವನೇ, ಆದರೆ ಮಾತಿಗೆ ಮಾತು ಬೆಳೆದಾಗಲೆಲ್ಲ ಅವನಿಗೆ ಕಾರ್ಖಾನೆ ನೆನಪಾಗುತ್ತಿತ್ತು. "ನಂಗೆ ಸೆಕೆಂಡ್ ಶಿಫ್ಟು, ಹೊತ್ತಾಯ್ತು" ಅಂದವನೇ ಕೈ ತೊಳೆದು ಸೈಕಲ್ ಹತ್ತಿದ.

ರಾಮಾಂಜಿನಪ್ಪ ತಟ್ಟೆ ಬಿಟ್ಟು ಎದ್ದ. ಬಾಗಿಲ ಹತ್ತಿರ ನಿಂತು ಅಂದ: "ಸಂಕ್ರಾಂತಿಗಂಟ ಮಾಡು. ಆಮೇಕೆ ನೋಡಾನ. ಬೆಳ್ಳೀನ ಮಾತ್ರ ಯಾವ ಕೂಸೂ ಮುಟ್ಟಂಗಿಲ್ಲ. ಮುಟ್ಟಿದ ದಿನಕ್ಕೆ ಮುಗೀತು."

ಅಷ್ಟಾದರೂ ಸಿಕ್ಕಿತಲ್ಲ! ಸುಕನ್ಯ ಕೊಟ್ಟಿಗೆಯ ಮುಂದಿನರ್ಧ ಸಾರಿಸಿದಳು, ಗೋಣಿತಟ್ಟು ಹಾಸಿದಳು, ಗೋಡೆಗೆ ಸುಣ್ಣ ಬಳಿದಳು. ಪಕ್ಕದ ಬೀದಿಯ ಟೈಲರ್ ಶರ್ಫುನ್ನೀಸಾಳ ಮಗಳಿಂದ ಹಿಡಿದು ಹಿಟ್ಟಿನ ಗಿರಣಿ ಮುನಿರಾಜಪ್ಪನ ಅವಳಿ ಮೊಮ್ಮಕ್ಕಳವರೆಗೆ ಒಂದು ಡಜನ್ ಹತ್ತಿರ ಚಿಳ್ಳೆಪಿಳ್ಳೆ ಸೇರಿದವು.

ಮೊದಲು ಅವಳು ಮಾಡಿದ್ದು ಎಲ್ಲ ಮಿಸ್ಸುಗಳೂ ಮಾಡುವುದನ್ನೇ. ಬಣ್ಣದ ಚಾರ್ಟು ತಂದು ಗೋಡೆಗೆ ಅಂಟಿಸಿ ಕೋಲು ಹಿಡಿದಳು. "ರೆಡ್, ಬ್ಲೂ, ಗ್ರೀನ್, ಯೆಲ್ಲೋ" ಅಂತ ಮಕ್ಕಳು ರಾಗವಾಗಿ ಕೂಗಿದವು. ಒಂದು ವಾರಕ್ಕೆಲ್ಲ ಬಾಯಿಪಾಠ. ಸುಕನ್ಯ ಬೀಗಿದಳು. ಆಮೇಲೆ ಒಂದು ಬೆಳಿಗ್ಗೆ ಬೇಕಂತಲೇ ಕೋಲನ್ನು ಹಳದಿಯ ಮೇಲಿಟ್ಟು ಕೇಳಿದಳು. ಎಲ್ಲರೂ ಒಕ್ಕೊರಲಿನಿಂದ "ರೆಡ್!" ಅಂದರು. ಹಸಿರಿನ ಮೇಲಿಟ್ಟಳು. "ಬ್ಲೂ!"

ಹಸುವಿನ ಆಚೆ ಬದಿಯಿಂದ ಗೊಗ್ಗರು ದನಿಯ ನಗು ಕೇಳಿಸಿತು. ಆಷಾಢದಿಂದೀಚೆಗೆ ಆ ಮನೆಯಲ್ಲಿ ಯಾರೂ ಕೇಳಿರದಿದ್ದ ನಗು.

"ಗಿಣಿಗೆ ರಾಮ ರಾಮ ಕಲಿಸಿದಂಗಾತು ಕಣಮ್ಮಿ" ಅಂದ ರಾಮಾಂಜಿನಪ್ಪ, ಮುಖ ತೋರಿಸದೆ.

ಸುಕನ್ಯಳಿಗೆ ಅವಮಾನವೂ ಆಯಿತು, ನಗುವೂ ಬಂತು. ಆ ರಾತ್ರಿ ಪಾತ್ರೆ ತೊಳೆಯುವಾಗ ತಾನು ಬಣ್ಣ ಕಲಿತದ್ದು ಹೇಗೆ ಅಂತ ಯೋಚಿಸಿದಳು. ಅಂಗಡಿಗೂ ಮುಂಚೆ, ಹಲಸೂರಿನ ಗಲ್ಲಿಯಲ್ಲಿ ತಮಿಳು ಹುಡುಗಿಯರು, ಸಾಬರ ಹುಡುಗಿಯರು, ಇವಳು ಎಲ್ಲ ಸೇರಿ ಸಂಜೆಗತ್ತಲವರೆಗೆ ಆಡುತ್ತಿದ್ದ ಕಲರ್ ಆಟ! ಒಬ್ಬಳು ಔಟಾದವಳು ನಡುವೆ ನಿಲ್ಲಬೇಕು. ಉಳಿದವರು "ಕಲರ್ ಕಲರ್, ವಿಚ್ ಕಲರ್?" ಅಂತ ಕೇಳಬೇಕು. ಅವಳು ಒಂದು ಬಣ್ಣ ಕೂಗಿದ ಕೂಡಲೇ ಎಲ್ಲರೂ ಓಡಿ ಆ ಬಣ್ಣದ್ದೇನನ್ನಾದರೂ ಮುಟ್ಟಿಕೊಳ್ಳಬೇಕು, ಬಾಗಿಲೋ, ಲಂಗವೋ, ಬಕೀಟೋ. ಮುಟ್ಟುವ ಮುಂಚೆ ಸಿಕ್ಕಿಬಿದ್ದವಳು ಔಟು. ಭಾಷೆ ಬರಲಿ ಬಿಡಲಿ, ಔಟಾಗುವ ಭಯಕ್ಕೆ ಬಣ್ಣ ತಾನಾಗಿ ಬರುತ್ತಿತ್ತು.

ಮಾರನೇ ದಿನವೇ ಬಸ್ಸು ಹತ್ತಿ ಕಮರ್ಷಿಯಲ್ ಸ್ಟ್ರೀಟಿಗೆ ಹೋದಳು. ಸನಾವುಲ್ಲಾ ಸಾಹೇಬರು ಕನ್ನಡಕ ಹಣೆಗೇರಿಸಿದರು.

"ಅರೆ, ಸುಕನ್ಯಾ ಬೇಟಿ! ಅತ್ತೆ ಹೆಂಗಿದಾರೆ? ಮೆರೂನ್ ಅಮ್ಮ?"

ಅತ್ತೆ ಹೋದದ್ದನ್ನೂ ತಾನು ಬಂದ ಕಾರಣವನ್ನೂ ಸುಕನ್ಯ ಹೇಳಿದಳು. ಸಾಹೇಬರು ಕೈಯಲ್ಲಿದ್ದ ಗಜದ ಕಡ್ಡಿ ಕೆಳಗಿಟ್ಟರು. "ಪ್ರತಿ ಸಲ ಬಂದಾಗ್ಲೂ ನಂಗೆ ಬೈತಿದ್ರು, ನಮ್ಮ ಹುಡುಗೀಗೆ ಸಂಬಳ ಕಮ್ಮಿ ಕೊಟ್ಟಿದ್ದೀ ಅಂತ" ಅಂದು, ಒಳಗಿಂದ ತುಂಡು ಬಟ್ಟೆಗಳ ಒಂದು ಗಂಟು ತಂದು ಕೈಗಿತ್ತರು. "ಮಕ್ಕಳಿಗೆ ಅಂದ್ಯಲ್ಲ, ತಗೊಂಡು ಹೋಗು. ಮುಗಿದ್ರೆ ಮತ್ತೆ ಬಾ."

ಆಮೇಲೆ ನೋಡಬೇಕಿತ್ತು ಆ ಅಂಗಳ! ಬಟ್ಟೆತುಂಡುಗಳು ಹುಣಿಸೆಮರಕ್ಕೆ, ಬಾವಿಯ ರಾಟೆಗೆ, ರಾಗಿಕಲ್ಲಿಗೆ ಕಟ್ಟಿಕೊಂಡವು. "ಗ್ರೀನ್!" ಅಂದರೆ ಮಕ್ಕಳು ಕರಿಬೇವಿನ ಗಿಡಕ್ಕೆ ಮುಗಿಬೀಳುವುದು, "ಯೆಲ್ಲೋ!" ಅಂದರೆ ಹೊಸಿಲಿನ ಅರಿಶಿನಕ್ಕೆ ಕೈ ಹಚ್ಚುವುದು, "ಬ್ರೌನ್!" ಅಂದರೆ ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದ ಚಿಕ್ಕಮುನಿಯಮ್ಮನ ಲೋಟಕ್ಕೇ ಕೈ ಹಾಕುವುದು. "ಅಯ್ಯೋ ನಿಮ್ಮ ಮನೆ ಹಾಳಾಗ!" ಅಂತ ಅವಳು ಲೋಟ ಎತ್ತಿ ಹಿಡಿಯುವಳು. ಕೂತಾಗ ಕೇಳಿದರೆ ಕಲ್ಲಿನ ಹಾಗೆ ಇರುತ್ತಿದ್ದ ಪ್ರತಿಭಾ ಓಡುವಾಗ ಮಾತ್ರ ಬಣ್ಣ ತಪ್ಪುತ್ತಿರಲಿಲ್ಲ.

ಒಂದೇ ಒಂದು ಬಣ್ಣಕ್ಕೆ ತಕರಾರು. "ವೈಟ್!" ಅಂದರೆ ಎಲ್ಲರ ಕಣ್ಣೂ ಬೆಳ್ಳಿಯ ಕಡೆ ಹೋಗುತ್ತಿತ್ತು. ಮುಟ್ಟುವ ಹಾಗಿಲ್ಲ. ಎಲ್ಲರೂ ಸಪ್ಪೆ ಮುಖ ಮಾಡಿಕೊಂಡು ಸುಣ್ಣದ ಗೋಡೆ ಮುಟ್ಟುವರು.

ಪುಷ್ಯ ಬಂತು, ಅವರೆಕಾಯಿ ಕಾಲ. ಸಂಜೆಯಾದರೆ ಮನೆಯವರೆಲ್ಲ ನಡುಮನೆಯಲ್ಲಿ ಮೊರದ ಸುತ್ತ ಕೂತು ಕಾಯಿ ಸುಲಿಯುವುದು, ನೆನೆಸಿದ ಕಾಳು ಹಿತುಕುವುದು. ಕೈಗೆಲ್ಲ ಸೊಗಡು. ಒಂದು ಸಂಜೆ ರಾಮಾಂಜಿನಪ್ಪನೂ ಕೊಟ್ಟಿಗೆಯಿಂದ ಎದ್ದು ಬಂದು ಮೊರಕ್ಕೆ ಕೈ ಹಾಕಿದ. ಯಾರೂ ಅದರ ಮಾತೆತ್ತಲಿಲ್ಲ. ಎತ್ತಿದರೆ ಎಲ್ಲಿ ಎದ್ದು ಹೋಗುತ್ತಾನೋ ಎಂಬ ಅಂಜಿಕೆ.

"ತಾತ, ಇದು ಗ್ರೀನು" ಅಂದಳು ಪ್ರತಿಭಾ ಸಿಪ್ಪೆ ಎತ್ತಿ ತೋರಿಸಿ.

"ಹಂಗಾರೆ ಈ ಹಿತುಕಿದ ಬೇಳೆ?"

"ಅದು... ಅದೂ ಗ್ರೀನೇ, ಅತ್ತು ಅತ್ತು ಬಣ್ಣ ಹೋಗಿದೆ."

ಮುನೀಂದ್ರ ಗೊಳ್ಳೆಂದು ನಕ್ಕ. ರಾಮಾಂಜಿನಪ್ಪ ಮೀಸೆ ಒರೆಸಿಕೊಂಡ. ಪ್ರತಿಭಾ ಅದೇ ಗಳಿಗೆ ಹಿಡಿದು ಕೇಳಿದಳು: "ತಾತ, ಸಂಕ್ರಾಂತಿಗೆ ಎಲ್ಲರ ಹಸೂಗೂ ಕೊಂಬಿಗೆ ಬಣ್ಣ ಹಚ್ತಾರಂತೆ. ನಮ್ಮ ಬೆಳ್ಳಿಗೆ?"

"ಈ ವರ್ಸ ಇಲ್ಲ" ಅಂದಳು ಚಿಕ್ಕಮುನಿಯಮ್ಮ. "ಹೋದ ವರ್ಸ ನಿಮ್ಮಜ್ಜಿ ಹಚ್ಚಿರಲಿಲ್ವಾ? ಈಗ ಅಜ್ಜಿ ಇಲ್ಲ. ಬಣ್ಣಾನೂ ಇಲ್ಲ, ಕಿಚ್ಚು ಹಾಯ್ಸೋದೂ ಇಲ್ಲ. ಸಾವಾದ ಮನೆ."

"ಬೆಳ್ಳಿ ಏನು ಮಾಡಿದ್ದಕ್ಕೆ?"

ರಾಮಾಂಜಿನಪ್ಪ ಮೊರ ಸರಿಸಿ ಕೊಟ್ಟಿಗೆಗೆ ಹೋದ.

ಹಬ್ಬದ ಹಿಂದಿನ ದಿನ ಮಂಗಳವಾರ, ಕೆ.ಆರ್. ಪುರದ ಸಂತೆ. ರಾಮಾಂಜಿನಪ್ಪ ಹಿಂಡಿ ತರಲು ಹೋಗಿದ್ದ. ಸನಾವುಲ್ಲಾ ಸಾಹೇಬರು ಇನ್ನೊಂದು ಗಂಟು ಎತ್ತಿಟ್ಟಿದ್ದಾರೆಂದು ತಿಳಿದು ಸುಕನ್ಯ ಕಮರ್ಷಿಯಲ್ ಸ್ಟ್ರೀಟಿಗೆ ಹೊರಟಳು. ನಾಳೆಗೆ ಮಾವನ ಗಡುವು ಮುಗಿಯುತ್ತದೆ. ಆದರೂ ಅವರೆಕಾಯಿ ಸುಲಿಯಲು ಬಂದವರು, ಮಗು ಅಂದದ್ದಕ್ಕೆ ಮೀಸೆಯಲ್ಲೇ ನಕ್ಕವರು ಬೇಡ ಅನ್ನಲಾರರು ಎಂದು ಅವಳ ನಂಬಿಕೆ. "ಒಂದು ಗಳಿಗೆ ಮಕ್ಕಳನ್ನ ನೋಡ್ಕೊಳ್ಳಿ ದೊಡ್ಡತ್ತೆ" ಅಂದು ಹೋದಳು. ಚಿಕ್ಕಮುನಿಯಮ್ಮ ಜಗಲಿಯ ಎಳೆಬಿಸಿಲಿಗೆ ಕಾಲು ಚಾಚಿ ಕೂತಳು. ಪುಷ್ಯದ ಬಿಸಿಲು ಗೊತ್ತಲ್ಲ, ಕಂಬಳಿ ಹೊದಿಸಿದಂತೆ. ಕೂತವಳು ಹಾಗೇ ತೂಕಡಿಸಿದಳು.

ಸುಕನ್ಯ ವಾಪಸು ಬರುವಾಗ ಮಾವ ಬಸ್‌ಸ್ಟಾಪಿನಲ್ಲೇ ಸಿಕ್ಕ. ಇಬ್ಬರೂ ಹಿಂದೆ ಮುಂದೆ ನಡೆದು ಅಂಗಳಕ್ಕೆ ಕಾಲಿಟ್ಟರು. ಮಕ್ಕಳ ಗದ್ದಲವಿಲ್ಲ. ಕೊಟ್ಟಿಗೆಯೊಳಗೆ ಪಿಸಪಿಸ. ಬಾಗಿಲಲ್ಲಿ ರಾಮಾಂಜಿನಪ್ಪನ ತಲೆಯ ಮೇಲಿನ ಹಿಂಡಿ ಮೂಟೆ ಕೆಳಗೆ ಬಿತ್ತು.

ಬೆಳ್ಳಿಯ ಮೈತುಂಬ ಅಂಗೈಗಳು! ಪುಟ್ಟ ಪುಟ್ಟ ಅಂಗೈ ಗುರುತು, ಕೆಂಪು, ಹಳದಿ, ಹಸಿರು, ನೀಲಿ. ಯಾವುದೋ ಮನೆಯಿಂದ ಹಬ್ಬಕ್ಕೆ ತಂದಿಟ್ಟ ರಂಗೋಲಿ ಪುಡಿ ಬಂದಿತ್ತು, ಬಕೀಟಿನಲ್ಲಿ ನೀರಿತ್ತು. ಪ್ರತಿಭಾ ಎರಡೂ ಕೈಗೆ ನೀಲಿ ಮೆತ್ತಿಕೊಂಡು ಹೊಟ್ಟೆಯ ಪಕ್ಕದಲ್ಲಿ ನಿಂತಿದ್ದಳು.

"ಯಾರು ಹೇಳಿದ್ದು ನಿಂಗೆ?" ರಾಮಾಂಜಿನಪ್ಪ ಬಿದ್ದ ಮೂಟೆ ದಾಟಿ ಒಳಗೆ ಬಂದ.

"ಯಾರೂ ಇಲ್ಲ ತಾತ. ಬೆಳ್ಳಿ ಬರೀ ವೈಟು. ವೈಟ್ ಅಂದ್ರೆ ಮಾತ್ರ ಅದಕ್ಕೆ ಆಟ. ಈಗ ರೆಡ್ ಅಂದ್ರೂ ಆಟ, ಬ್ಲೂ ಅಂದ್ರೂ ಆಟ."

ಚಿಕ್ಕಮುನಿಯಮ್ಮ ಎದ್ದು ಬಂದವಳು ಕೆನ್ನೆ ಕೆನ್ನೆ ಬಡಿದುಕೊಂಡಳು. ತಾನು ನಿದ್ದೆ ಹೋದದ್ದನ್ನು ಮುಚ್ಚಲು ದನಿ ಇನ್ನಷ್ಟು ಏರಿತು. "ಬ್ಯಾಡ ಬ್ಯಾಡ ಅಂತ ಬಡ್ಕಂಡೆ! ವರ್ಸ ತುಂಬದ ಮನೇಲಿ ಹಸೂಗೆ ಬಣ್ಣ! ಊರೋರು ಏನಂದಾರು? ಸೊಸೆ ಅತ್ತೆ ಸತ್ತಿದ್ದಕ್ಕೆ ಹಬ್ಬ ಮಾಡವ್ಳೆ ಅಂತಾರೆ!"

"ದೊಡ್ಡತ್ತೆ, ಹಾಗನ್ಬೇಡಿ!" ಸುಕನ್ಯಳಿಗೂ ತಡೆಯಲಾಗಲಿಲ್ಲ. "ಅತ್ತೆ ಹೋಗಿದ್ದು ನಿಮಗೆ ಮಾತ್ರಾನಾ? ನನ್ನನ್ನ ಬೀದೀಲಿ ನೋಡಿ ಮನೆಗೆ ಕರ್ಕೊಂಡು ಬಂದೋರು ಅವರು. ಮಕ್ಕಳು ಮಾಡಿದ್ದು, ತೊಳೀತೀನಿ."

"ತೊಳೆದ್ರೆ ಹೋಗ್ತದಾ ಅಪಸಕುನ?"

"ಸಾಕು" ಅಂದ ರಾಮಾಂಜಿನಪ್ಪ. "ನಾನು ಏನು ಹೇಳಿದ್ದೆ? ಮುಟ್ಟಿದ ದಿನಕ್ಕೆ ಮುಗೀತು ಅಂದಿದ್ದೆ. ಮುಗೀತು. ನಾಳೆಯಿಂದ ಇಲ್ಲಿ ಪಾಠ ಬ್ಯಾಡ."

ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದವು. ಸುಕನ್ಯ ಬಕೀಟು, ತೆಂಗಿನ ನಾರು ತಂದು ಬೆಳ್ಳಿಯ ಪಕ್ಕ ಕೂತಳು. ಕೈ ತಾಗಿದ್ದೇ ತಡ, ಬೆಳ್ಳಿ ಝಾಡಿಸಿ ಒದೆಯಿತು. ಮೊಣಕಾಲ ಕೆಳಗೆ ಏಟು ಬಿತ್ತು. ಅವಳು ಅಲ್ಲೇ ಗೋಡೆಗೊರಗಿ ಅತ್ತಳು. ಕಾಲಿನ ನೋವಿಗೆ ಅತ್ತದ್ದಲ್ಲ. ಅಂಗಡಿ ಬಿಟ್ಟಾಗ ಬಿಟ್ಟುಹೋದದ್ದೇನೋ ಎರಡು ತಿಂಗಳ ಮಟ್ಟಿಗೆ ವಾಪಸು ಬಂದಿತ್ತು, ಇವತ್ತು ಮತ್ತೆ ಹೋಯಿತು ಅಂತ ಅತ್ತಳು.

ರಾಮಾಂಜಿನಪ್ಪ ನಾರು ಕಿತ್ತುಕೊಂಡು ತಾನೇ ತೊಳೆಯತೊಡಗಿದ. ಅವನಿಗೂ ಒಂದು ಒದೆ ಬಿತ್ತು. ಸ್ವಲ್ಪ ಹೊತ್ತಾದ ಮೇಲೆ ಮೂಲೆಯಲ್ಲಿ ನಿಂತಿದ್ದ ಮೊಮ್ಮಗಳನ್ನು ಕೇಳಿದ: "ನಿಮಗೆ ಒದೀಲಿಲ್ವಾ ಇದು?"

"ಇಲ್ಲ ತಾತ. ಕಿವಿ ಅಲ್ಲಾಡಿಸ್ಕೊಂಡು ನಿಂತಿತ್ತು. ಅಜ್ಜಿ ಮೈ ತಿಕ್ಕುವಾಗ ನಿಲ್ತಿತ್ತಲ್ಲ, ಹಂಗೆ."

ಅವನು ನಾರನ್ನು ಮತ್ತೆ ನೀರಿಗೆ ಅದ್ದಿದ. ಕೆಂಪು ಹೋಯಿತು, ಹಳದಿ ಹೋಯಿತು. ನೀಲಿ ಮಾತ್ರ ಎಷ್ಟು ತಿಕ್ಕಿದರೂ ಒಂದು ಅಂಗೈಯಷ್ಟು ಹೊಟ್ಟೆಯ ಪಕ್ಕ ಉಳಿದುಕೊಂಡಿತು.

ಸಂಕ್ರಾಂತಿಯ ಸಂಜೆ ಊರ ಮುಂದೆ ಕಿಚ್ಚು ಹಾಯಿಸಿದರು. ತಮಟೆ, ಶಿಳ್ಳೆ, ಸುಟ್ಟ ಹುಲ್ಲಿನ ವಾಸನೆ ಎಲ್ಲ ಮನೆಯವರೆಗೆ ಬಂತು. ರಾಮಾಂಜಿನಪ್ಪನ ಮನೆಯ ಬಾಗಿಲು ಮುಚ್ಚಿತ್ತು. ಸುಕನ್ಯ ಅವರೆಕಾಳಿನ ಸಾರು ಮಾಡಿ ಬಡಿಸಿದಳು, ಒಂದು ಮಾತೂ ಆಡಲಿಲ್ಲ. ಮುಂದಿನ ದಿನಗಳಲ್ಲೂ ಅಷ್ಟೆ. ಕೇಳಿದ್ದಕ್ಕೆ ಉತ್ತರ, ಹೊತ್ತಿಗೆ ಊಟ. ಶರ್ಫುನ್ನೀಸಾ ಬಾಗಿಲಿಗೆ ಬಂದು, "ಕ್ಯಾ ಸುಕನ್ಯಾ, ನನ್ನ ಹುಡುಗಿ ಮನೇಲಿ ಇರೋ ಬಟ್ಟೆಯೆಲ್ಲಾ ಎಳೆದು ಹಾಕಿ ಕಲರ್ ಕಲರ್ ಅಂತಾಳೆ, ಯಾವಾಗ ಶುರು ಮಾಡ್ತೀಯಾ?" ಅಂದಾಗ, "ನಂಗೆ ಆಗಲ್ಲ ಅಕ್ಕ" ಅಂದು ಒಳಗೆ ಬಂದುಬಿಟ್ಟಳು. ಮುನೀಂದ್ರ ರಾತ್ರಿ ಊಟಕ್ಕೆ ಕೂತು, "ಅಪ್ಪಂಗೆ ನಾನು ಹೇಳ್ಲಾ?" ಅಂದ.

"ಹೇಳಿ. ಶಿಫ್ಟ್ ಇಲ್ಲದ ದಿನ ನೋಡ್ಕೊಂಡು ಹೇಳಿ."

ಮುನೀಂದ್ರ ಅನ್ನ ಕಲೆಸುತ್ತ ತಲೆ ತಗ್ಗಿಸಿದ.

ಕೊನೆಗೆ ಹೇಳಿದ್ದು ಯಾರು ಅಂತೀರಿ? ಚಿಕ್ಕಮುನಿಯಮ್ಮ! ಒಂದು ಬೆಳಿಗ್ಗೆ ಹಾಲಿನ ತಂಬಿಗೆಯನ್ನು ತಂದು ತಮ್ಮನ ಮುಂದೆ ಕುಕ್ಕಿದಳು. ತಳದಲ್ಲಿ ಅಂಗೈಯಷ್ಟು ಹಾಲು.

"ನೋಡು. ಹಬ್ಬ ಆದಾಗಿಂದ ಇಷ್ಟೇ."

"ಕಾಲಕ್ಕೆ ಇಳಿಸಿರಬೇಕು."

"ಯಾವ ಕಾಲನಪ್ಪ? ಕಾಲಿಗೆ ಹಗ್ಗ ಕಟ್ಟಿ ದಿನಾ ಹಾಲು ಕರೆಯೋಳು ನಾನು, ನಂಗೆ ಹೇಳ್ತೀಯಾ? ಆಂಜನಿ ಹೋದಾಗ ಇಳಿಸಿತ್ತು. ಮಕ್ಕಳು ಬಂದು ಕೂಗಾಡಾಕೆ ಸುರು ಮಾಡಿದ ಮೇಲೆ ಮತ್ತೆ ತಂಬಿಗೆ ತುಂಬ ಕೊಡ್ತಿತ್ತು. ನಾನು ಕಂಡೂ ಬಾಯಿ ಬುಡಲಿಲ್ಲ. ನನ್ನ ಮಾತು ಕೆಳಗಾದೀತು ಅಂತ." ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. "ಅವತ್ತು ನಂಗೆ ನಿದ್ದೆ ಬಂತು. ತಪ್ಪು ಆ ಹುಡುಗೀದಲ್ಲ. ಮಕ್ಕಳು ಬರೋ ಹೊತ್ತಾದ್ರೆ ಸಾಕು, ಹಸು ಬಾಗಿಲ ಕಡೇನೇ ನೋಡ್ತದೆ ಕಣೋ."

ರಾಮಾಂಜಿನಪ್ಪ ಬೆಳ್ಳಿಯ ಹೊಟ್ಟೆಯ ನೀಲಿ ಗುರುತಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಿದ್ದ. ಆಮೇಲೆ ಅಡುಗೆಮನೆ ಬಾಗಿಲಿಗೆ ಬಂದ. ಸುಕನ್ಯ ರೊಟ್ಟಿ ತಟ್ಟುತ್ತಿದ್ದಳು.

"ಮಕ್ಕಳನ್ನ ಕರೆಯಮ್ಮಿ."

ಅವಳು ಹಿಟ್ಟಿನ ಕೈಯಲ್ಲೇ ತಿರುಗಿದಳು. "ಎಷ್ಟು ದಿನ ಮಾವ?"

"ನಿಮ್ಮತ್ತೆ ಎಷ್ಟು ದಿನ ಅಂತ ಹೇಳಿದ್ಲು?"

ಸುಕನ್ಯ ಹಂಚಿನ ಮೇಲಿನ ರೊಟ್ಟಿ ಬಿಟ್ಟು ಎದ್ದು ನಿಂತಳು. ಅತ್ತೆಯ ಆ ಮಾತನ್ನು ಮಾವ ನಂಬಿದ್ದಾನೆ! "ದಿನ ಹೇಳಿರಲಿಲ್ಲ."

"ಮತ್ತೆ ನನ್ನನ್ನ ಯಾಕೆ ಕೇಳ್ತೀಯ?" ಅಂದು ತಿರುಗಿ ಹೋದ.

ಅರ್ಧ ಗಂಟೆಯೊಳಗೆ ಅಂಗಳ ತುಂಬಿತು. ಹೊಸ ಗಂಟಿನ ತುಂಡುಬಟ್ಟೆಗಳು ಮರಕ್ಕೇರಿದವು. ಬೆಳ್ಳಿಯನ್ನು ರಾಮಾಂಜಿನಪ್ಪನೇ ಹೊರಗೆ ತಂದು ಹುಣಿಸೆಮರದ ಕೆಳಗೆ ಕಟ್ಟಿದ. "ವೈಟ್ ಅಂದ್ರೆ ಮುಟ್ಟಬಹುದಾ ತಾತ?" "ಮುಟ್ಕಳಿ. ಬಾಲ ಎಳೀಬ್ಯಾಡಿ." ಮೊದಲ ಸರದಿಯೇ ವೈಟು. ಒಂದು ಡಜನ್ ಮಕ್ಕಳು ಬೆಳ್ಳಿಯನ್ನು ತಬ್ಬಿದವು. ಅದು ಕಿವಿ ಅಲ್ಲಾಡಿಸಿತು, ಕಾಲೆತ್ತಲಿಲ್ಲ.

ಆಟ ಹದಕ್ಕೆ ಬಂದಾಗ ರಾಮಾಂಜಿನಪ್ಪ ಜಗಲಿಯಿಂದ ಇಳಿದ. "ನಾನೂ ಒಂದು ಕೂಗ್ಲಾ?"

"ಔಟಾದವರೇ ಕೂಗೋದು ತಾತ. ನೀನು ಔಟಾಗೇ ಇಲ್ಲ!" ಅಂದಳು ಪ್ರತಿಭಾ.

"ನಾನು ಔಟಾಗಿ ಬೋ ದಿನ ಆತು ಕಣವ್ವ. ಕೂಗಾಕೆ ಬುಡು."

ಮಕ್ಕಳು ಅವನ ಸುತ್ತ ನಿಂತು ಚಪ್ಪಾಳೆ ತಟ್ಟಿ ಕೇಳಿದವು. "ಕಲರ್ ಕಲರ್, ವಿಚ್ ಕಲರ್?"

ಅವನು ಗಂಟಲು ಸರಿಮಾಡಿಕೊಂಡ. "ಮೆರೂನು."

ಮಕ್ಕಳು ದಿಕ್ಕಾಪಾಲಾದವು. ಒಂದು ಕೆಂಪು ತುಂಡು ಹಿಡಿಯಿತು. "ಅದು ರೆಡ್ಡು" ಅಂದಳು ಸುಕನ್ಯ. ಒಂದು ಇಟ್ಟಿಗೆ ಮುಟ್ಟಿತು. "ಅದೂ ಅಲ್ಲ." ಅಂಗಳದಲ್ಲಿ ಆ ಬಣ್ಣವಿಲ್ಲ ಎಂದು ಅವಳಿಗೆ ಗೊತ್ತಿತ್ತು. ಎಲ್ಲಿದೆ ಎಂಬುದೂ ಗೊತ್ತಿತ್ತು. ರಾಮಾಂಜಿನಪ್ಪ ಯಾರನ್ನೂ ಹಿಡಿಯಲು ಹೋಗಲಿಲ್ಲ. ಉಡಿದಾರಕ್ಕೆ ಕೈ ಹಾಕುತ್ತ ಮೆಲ್ಲಗೆ ಮನೆಯೊಳಗೆ ನಡೆದ. ಮಕ್ಕಳು ಗುಂಪಾಗಿ ಹಿಂದೆ ಹೋದವು, ಹಿಂದೆ ಸುಕನ್ಯ, ಅವಳ ಹಿಂದೆ ಚಿಕ್ಕಮುನಿಯಮ್ಮ.

ಪೆಟ್ಟಿಗೆಯ ಮುಚ್ಚಳ ತೆರೆದಾಗ ಒಣಬೇವಿನ ವಾಸನೆ ಬಂತು. ಮೇಲೆಯೇ ಇತ್ತು ಸೀರೆ. ಅವನು ಎರಡೂ ಕೈಯಲ್ಲಿ ಎತ್ತಿ ನೋಡಿದ. ಕೋಣೆಯ ಮಬ್ಬಿನಲ್ಲಿ ಅದು ಕಪ್ಪಗೆ ಕಾಣುತ್ತಿತ್ತು.

"ಇಲ್ಲಿ ಗೊತ್ತಾಗಾಕಿಲ್ಲ" ಅಂದ, ಸೊಸೆಯ ಕೈಗೆ ಕೊಟ್ಟು. "ಬಿಸಿಲಿಗೆ ಹಿಡಿಯವ್ವ."

ಸುಕನ್ಯ ಕಣ್ಣೊರೆಸಿಕೊಳ್ಳಲೂ ಕೈ ಬಿಡದೆ ಸೀರೆಯನ್ನು ಅಂಗಳಕ್ಕೆ ತಂದು, ಬೆಳ್ಳಿಯ ಪಕ್ಕದಲ್ಲಿ ಬಟ್ಟೆ ಒಣಹಾಕುವ ಹಗ್ಗದ ಮೇಲೆ ಉದ್ದಕ್ಕೂ ಹರಡಿದಳು. ಮಾಘದ ಬಿಸಿಲು ಅದರ ಮೇಲೆ ಬಿತ್ತು. "ಮೆರೂನ್!" ಅಂತ ಕಿರುಚಿ ಮಕ್ಕಳೆಲ್ಲ ಓಡಿಬಂದು ಮುಟ್ಟಿಕೊಂಡವು. ಚಿಕ್ಕಮುನಿಯಮ್ಮ ಒಂದು ಗಳಿಗೆ ಹಿಂದೆಮುಂದೆ ನೋಡಿದಳು, ಆಮೇಲೆ ತಾನೂ ಬಂದು ಸೆರಗಿನ ತುದಿ ಹಿಡಿದಳು. ಎಲ್ಲರ ಕೊನೆಗೆ ರಾಮಾಂಜಿನಪ್ಪ ಕೈಯಿಟ್ಟ.

ಆ ಸರದಿಯಲ್ಲಿ ಯಾರೂ ಔಟಾಗಲಿಲ್ಲ.